ಎದುರುಗಾಳಿಗೆ ಏಜೆಂಟ

ಜತ್ತ ತಾಲೂಕಿನಲ್ಲಿ ಸೈಕಲ್ ಇಳಿದವನು ಯಾರಿಗೂ ಕಾರಣ ಹೇಳಬೇಕಿಲ್ಲ. ಹತ್ತಿದವನು ಊರಿಗೆಲ್ಲ ಹೇಳಬೇಕು. ದಾಳಿಂಬೆ ಒಂದು ಹಂಗಾಮು ಕೈ ಹಿಡಿದರೆ ಸಾಕು, ಮನೆಯಿಂದ ಸೈಕಲ್ ಹೊರಗೆ, ಬೈಕು ಒಳಗೆ. ಬೇದಾಣೆಗೆ, ಅಂದರೆ ಒಣದ್ರಾಕ್ಷಿಗೆ, ತಾಸಗಾಂವ ಪೇಟೆಯಲ್ಲಿ ಒಳ್ಳೆಯ ದರ ಸಿಕ್ಕರೆ ಬೈಕಿನ ಪಕ್ಕಕ್ಕೊಂದು ಕಾರು. ಇಂಥ ಕಡೆ ಐವತ್ತು ದಾಟಿದ ವಿಮಾ ಏಜೆಂಟನೊಬ್ಬ ಓಡುವ ಬೈಕನ್ನು ಅಂಗಳದಲ್ಲಿ ಬಿಟ್ಟು ಸೈಕಲ್ ತುಳಿಯುತ್ತ ಹೊರಟರೆ ಜನ ಏನು ತಿಳಿದಾರು? ಇವನ ಧಂದೆ ಕುಂತಿತು ಅಂತಲೇ.

ಶೇಗಾಂವದ ಆ ಏಜೆಂಟ ನಾನು. ಗೇರಿನ ಸೈಕಲ್ ಮನೆಗೆ ಬಂದ ಮೇಲೆ ಕೆಲವರು ಕಂತಿನ ಹಣವನ್ನು ನನ್ನ ಕೈಗೆ ಕೊಡುವುದನ್ನೇ ಬಿಟ್ಟು, ಜತ್ತಕ್ಕೆ ಹೋಗಿ ತಾವೇ ಕಟ್ಟಿ ಬರತೊಡಗಿದರು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ, ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಎಂದು ವಿವರಿಸಿದರೆ ಸಂಕಟ ಇಮ್ಮಡಿ. ತಾನೇ ಎಷ್ಟು ದಿನ ಇರುತ್ತಾನೋ ಗೊತ್ತಿಲ್ಲದವನು ನಮಗೆ ಇಪ್ಪತ್ತು ವರ್ಷದ ಪಾಲಿಸಿ ಮಾರುತ್ತಾನಲ್ಲ ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಮನೆಯೊಳಗಿನ ವಿಚಾರಣೆ ಬೇರೆ ನಡೆದಿತ್ತು. ಸೈಕಲ್ಲಿನ ಬೆಲೆ ಕೇಳಿ ಅವ್ವ ಜಪದ ಮಣಿ ಕೆಳಗಿಟ್ಟಳು.

"ಆ ರೊಕ್ಕಕ್ಕ ಮಾಡಗ್ಯಾಳ ಕುರಿ ಬರ್ತಿತ್ತಲ್ಲೋ!"

ಮಾಡಗ್ಯಾಳ ನಮ್ಮ ತಾಲೂಕಿನದೇ ಹಳ್ಳಿ. ಅಲ್ಲಿಯ ಕುರಿಗೆ ಗಿಳಿಯ ಬಾಗುಮೂಗು, ಎತ್ತರದ ನಿಲುವು, ಜೋಲುವ ಉದ್ದ ಕಿವಿ. ತಳಿ ಚೊಕ್ಕಟವಿದ್ದರೆ ಒಂದು ಟಗರಿನ ಮಾತು ಲಕ್ಷದಿಂದಲೇ ಶುರು. ಅದರ ಪಕ್ಕ ನನ್ನ ಸೈಕಲ್ಲನ್ನು ನಿಲ್ಲಿಸಿ ವಾದ ಗೆಲ್ಲುವುದು ವಕೀಲರಿಗೂ ಆಗದು.

"ಕುರಿ ಮರಿ ಹಾಕತೈತಿ. ಇದು ಏನ್ ಹಾಕತೈತಿ?" ಎಂದಳು ಅವ್ವ.

"ಇದಕ್ಕ ನಾವ ಗಾಳಿ ಹಾಕಬೇಕ್ರಿ ಅತ್ತಿ" ಎಂದು ನನ್ನ ಹೆಂಡತಿ ಒಳಗಿಂದಲೇ ತೀರ್ಪು ಕೊಟ್ಟಳು.

ಹೊರಗೆ ಬಿಟ್ಟರೆ ಕಳವಾದೀತೆಂದು ಸೈಕಲ್ಲನ್ನು ಪಡಸಾಲೆಯಲ್ಲಿ ನಿಲ್ಲಿಸಿದೆ. ಅದಕ್ಕಾಗಿ ಜೋಳದ ಚೀಲಗಳು ದೇವರ ಮನೆಯ ಬಾಗಿಲಿಗೆ ಸರಿದವು. ಅವ್ವ ದಿನಾ ಮುಂಜಾನೆ ಚೀಲ ಬಳಸಿಕೊಂಡು ದೇವರ ಹತ್ತಿರ ಹೋಗುವಾಗ ನನ್ನ ಹೆಸರನ್ನೂ ಸೇರಿಸಿ ಏನೋ ಪ್ರಾರ್ಥಿಸುತ್ತಾಳೆ. ಅದು ಆಶೀರ್ವಾದವೆಂದು ನಾನು ನಂಬಿದ್ದೇನೆ. ಇನ್ನು ಸೈಕಲ್ಲಿನವರ ಬಿಗಿ ಚಡ್ಡಿ. ಅದರ ಹಿಂಭಾಗಕ್ಕೆ ಮೆತ್ತೆ ಹೊಲಿದಿರುತ್ತಾರೆ. ಅದನ್ನು ಒಗೆದು ತಂತಿಯ ಮೇಲೆ ಹಾಕಿದ ದಿನ ಪಕ್ಕದ ಮನೆಯವರು ಬಂದು, ಮನೆಗೆ ಯಾವ ಕೂಸು ಬಂದಿದೆ ಎಂದು ವಿಚಾರಿಸಿದರು. ಅಂದಿನಿಂದ ಚಡ್ಡಿ ಒಣಗುವುದು ಅಟ್ಟದ ಮೇಲೆ. ಅದರ ಮೇಲೊಂದು ಮೊಣಕಾಲು ಮುಚ್ಚುವ ಅಂಗಿ ತೊಡದೆ ನಾನು ಹೊಸ್ತಿಲು ದಾಟುವಂತಿಲ್ಲ.

ಒಬ್ಬನೇ ತುಳಿದರೆ ದಾರಿದ್ರ್ಯ, ಹತ್ತು ಜನ ತುಳಿದರೆ ರ‍್ಯಾಲಿ. ಈ ಸತ್ಯ ಹೊಳೆದ ಮೇಲೆ ನಾನು ಗುಂಪು ಹುಡುಕಿದೆ. ನಿವೃತ್ತ ಹೆಡ್ ಮಾಸ್ತರರೊಬ್ಬರು, ಬೇದಾಣೆ ವ್ಯಾಪಾರಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದುವ ಆತನ ಮಗ, ದನದ ದವಾಖಾನೆಯ ಕಂಪೌಂಡರ್, ರಜೆ ಸಿಕ್ಕ ದಿನ ಎಸ್‌ಟಿ ಕಂಡಕ್ಟರ್. ಮಾಸ್ತರರದು ಹಳೆಯ ಅಟ್ಲಾಸ್. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಹುಡುಕಿ ಹುಡುಕಿ ವಿಶ್ವ ಸೈಕಲ್ ದಿನದಂದೇ, ಉತ್ಪಾದನೆ ನಿಲ್ಲಿಸಿತು. ಮಾಸ್ತರರ ಅಟ್ಲಾಸ್ ಇನ್ನೂ ನಿಂತಿಲ್ಲ. ಅದಕ್ಕೆ ಬ್ರೇಕ್ ಇಲ್ಲದ್ದೂ ಒಂದು ಕಾರಣ.

ನಮ್ಮಲ್ಲಿ ಅರ್ಧ ಜನ ಕನ್ನಡದವರು, ಅರ್ಧ ಮರಾಠಿಯವರು, ಚಹಾದ ಅಂಗಡಿ ಕಂಡಾಗ ಎಲ್ಲರೂ ಒಂದೇ. 1967ರ ಮಹಾಜನ ವರದಿಯಿಂದ ಹಿಡಿದು 2022ರ ಚಳಿಗಾಲದ ಮುಖ್ಯಮಂತ್ರಿಗಳ ಹೇಳಿಕೆಗಳವರೆಗೆ ಜತ್ತದ ಹಳ್ಳಿಗಳು ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಯಾವ ಕಡೆಗೆ ಸೇರಬೇಕೆನ್ನುವುದು ದೊಡ್ಡವರ ಚರ್ಚೆ. ನಮ್ಮ ಗುಂಪಿನಲ್ಲಿರುವ ವಿವಾದ ಒಂದೇ: ಯಾರು ಮುಂದೆ, ಯಾರು ಹಿಂದೆ.

ಇದರ ಮೂಲ ಗಾಳಿಯಲ್ಲಿದೆ. ಡಫಳಾಪುರದ ಕಡೆಯ ಮಾಳಗಳಲ್ಲಿ ಸಾಲು ಸಾಲು ಗಾಳಿಯಂತ್ರ ನಿಂತಿವೆ. ಗಾಳಿ ಇಲ್ಲದ ಕಡೆ ಯಾವ ಕಂಪನಿಯೂ ಅಷ್ಟು ರೊಕ್ಕ ನೆಡುವುದಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಎದ್ದರೆ ಶೇಗಾಂವದಿಂದ ಜತ್ತಕ್ಕೆ ಹೋಗುವಾಗ ಅದು ಬೆನ್ನು ತಟ್ಟುತ್ತದೆ, ತಿರುಗಿ ಬರುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಒಬ್ಬನ ಹಿಂದೆ ಒಬ್ಬ ಅಂಟಿಕೊಂಡು ತುಳಿದರೆ ಹಿಂದಿನವನಿಗೆ ಕಾಲುಭಾಗಕ್ಕಿಂತ ಹೆಚ್ಚು ಶ್ರಮ ಉಳಿಯುತ್ತದೆಂದು ವ್ಯಾಪಾರಿಯ ಮಗ ಲೆಕ್ಕ ಹೇಳಿದ. ಫ್ರಾನ್ಸಿನ ದೊಡ್ಡ ರೇಸಿನಲ್ಲೂ ಹೀಗೆಯೇ, ನಾಯಕನಿಗಾಗಿ ಗಾಳಿ ಸೀಳುವ ಸೇವಕರೇ ಇರುತ್ತಾರಂತೆ. ಇಷ್ಟು ಹೇಳಿ ಆತ ಸುತ್ತಲೂ ಒಮ್ಮೆ ನೋಡಿದ. ಎಲ್ಲರ ಕಣ್ಣೂ ನನ್ನ ಅಗಲದ ಮೇಲೆ ಬಂದು ನಿಂತವು.

"ಅಣ್ಣಾರ, ಬರೋವಾಗ ನೀವು ಮುಂದಿರ್ರಿ. ನೀವು ಹಿರಿಯರು."

ನನಗಿಂತ ಹಿರಿಯರಾದ ಮಾಸ್ತರರೂ ತಲೆಯಾಡಿಸಿದರು. ಜತ್ತಕ್ಕೆ ಹೋಗುವಾಗ ನನ್ನ ಹಿರಿತನ ಯಾರಿಗೂ ನೆನಪಾಗುವುದಿಲ್ಲ. ಮರಳುವಾಗ ಮಾತ್ರ ನನಗೆ ಮೊದಲ ಚಹಾ, ಬೆನ್ನಿಗೆ ಶಾಬಾಸ್, ಎರಡನೆಯ ವಡಾ. ನಾನು ತೂಕ ಇಳಿಸುವ ಮಾತೆತ್ತಿದರೆ ಕಂಪೌಂಡರನ ಮುಖ ಬಾಡುತ್ತದೆ. "ಅವಸರ ಯಾಕ್ರೀ? ಮಳಿಗಾಲ ಮುಗೀಲಿ" ಎನ್ನುತ್ತಾನೆ.

ಗುಂಪನ್ನು ಮುನ್ನಡೆಸುವವನು ನಾನೇ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಹೆಂಡತಿಯ ಕಣ್ಣಲ್ಲಿ ಒಂದಿಷ್ಟು ಗೌರವವೂ ಮೂಡಿತ್ತು. ಒಂದು ದಿನ ಚಹಾಕ್ಕೆ ಬಂದ ಮಾಸ್ತರರು ಶಾಸ್ತ್ರೋಕ್ತವಾಗಿ, ಬೆರಳಲ್ಲಿ ಗಾಳಿಯ ದಿಕ್ಕು ತೋರಿಸಿ, ನಾಯಕತ್ವದ ಕಾರಣವನ್ನು ಆಕೆಗೆ ಬಿಡಿಸಿ ಹೇಳಿದರು.

"ಇಷ್ಟ ವರ್ಷ ತಿಂದದ್ದು ಸಾರ್ಥಕ ಆತು ಬಿಡ್ರಿ" ಎಂದಳು ಆಕೆ.

ಒಮ್ಮೆ ಹುರುಪು ಹೆಚ್ಚಿ ಜತ್ತ ದಾಟಿ ವಿಜಯಪುರದ ಹೆದ್ದಾರಿ ಹಿಡಿದೆವು. ಗುಹಾಗರದ ಕಡಲ ತಡಿಯಿಂದ ಕರಾಡ, ವಿಟಾ, ಜತ್ತದ ಮೇಲೆ ಹಾದು ಬರುವ 166ಇ ಅದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ಸೀಮೆ. ರಾಷ್ಟ್ರೀಯ ಪದಕಗಳು ಅಲ್ಲಿಯ ಹೊಲಮನೆಗಳಲ್ಲಿ ಗೂಟಕ್ಕೆ ತೂಗುತ್ತವೆ. ಆ ಕಡೆಯಿಂದ ಅಭ್ಯಾಸಕ್ಕೆ ಬಂದ ಹುಡುಗಿಯರ ತಂಡವೊಂದು ನಮ್ಮನ್ನು ದಾಟಿತು. ದಾಟಿತು ಎನ್ನುವುದು ನಮ್ಮ ಗೌರವಕ್ಕಾಗಿ ಹೇಳುವ ಮಾತು. ನಾವು ಅಲ್ಲಿದ್ದೆವೆನ್ನುವುದು ಅವರಿಗೆ ತಿಳಿದಿರಲಾರದು. ಕೊನೆಯ ಹುಡುಗಿ ಮಾತ್ರ ತಿರುಗಿ ನೋಡಿ, "ಕಾಕಾ, ನೀರು ಬೇಕೇನ್ರಿ?" ಎಂದಳು. ಬೇಡವೆನ್ನಲೂ ನನ್ನಲ್ಲಿ ಉಸಿರಿರಲಿಲ್ಲ.

ಇನ್ನು ಗಾಡಿಗಳ ಸಂಗತಿ. ನಮ್ಮ ರಸ್ತೆಯ ಮೇಲಿನ ವಾಹನದವರಲ್ಲಿ ಎರಡು ಜಾತಿ: ಅಪರಿಚಿತರು, ಪರಿಚಿತರು. ಅಪರಿಚಿತರ ಭಯ ನೇರವಾದದ್ದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಬರುತ್ತದೆ. ಎಂಜಿನ್ನಿನ ಸದ್ದಿಗಿಂತ ಮೊದಲು ಅದರ ಹಾಡು ಬರುತ್ತದೆ, ಹಾಡಿನ ಹಿಂದೆ ಟ್ರ್ಯಾಕ್ಟರ್, ಅದರ ಹಿಂದೆ ಅಕ್ಕಪಕ್ಕಕ್ಕೆ ಚಾಚಿದ ಕಬ್ಬಿನ ಜಲ್ಲೆ. ನಾವು ಆಗ ರಸ್ತೆ ಬಿಟ್ಟು ಜಾಲಿಮುಳ್ಳಿನಲ್ಲಿ ನಿಂತು ಗೌರವ ಸಲ್ಲಿಸುತ್ತೇವೆ. ಲಾರಿಯವರ ಕಥೆ ಇನ್ನೊಂದು. ಲಾರಿಯ ಹಿಂದೆ 'ಹಾರ್ನ್ ಓಕೆ ಪ್ಲೀಸ್' ಎಂದು ಬರೆಯುವುದನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ನಿಷೇಧಿಸಿತು, ಜನ ಸುಮ್ಮಸುಮ್ಮನೆ ಹಾರ್ನ್ ಬಾರಿಸುತ್ತಾರೆಂದು. ಓದಿ ಬಾರಿಸುತ್ತಿದ್ದವರು ಈಗ ಓದದೆಯೇ ಬಾರಿಸುತ್ತಾರೆ.

ಪರಿಚಿತರು ಇದಕ್ಕಿಂತ ಅಪಾಯ. ಅಪರಿಚಿತ ಒಂದು ಸಲ ಹೆದರಿಸಿ ಹೋಗಿಬಿಡುತ್ತಾನೆ. ಪರಿಚಿತ ಜೊತೆಗೇ ಬರುತ್ತಾನೆ. ಬೈಕಿನ ವೇಗ ಇಳಿಸಿ, ನನ್ನ ಮೊಣಕೈಗೆ ಮೊಣಕೈ ಹಚ್ಚಿ, "ಯಾಕ್ರೀ ಸಾಹೇಬ್ರ, ಗಾಡಿ ಕೆಟ್ಟೈತೇನು? ಬರ್ರಿ, ಹಗ್ಗ ಕಟ್ಟಿ ಎಳೀತೀನಿ" ಎನ್ನುತ್ತಾನೆ. ಬೇಡವೆಂದರೆ ಈ ವರ್ಷದ ಬೋನಸ್ ಎಷ್ಟು, ಮಾವನ ಕ್ಲೇಮು ಯಾಕೆ ಬಂದಿಲ್ಲ, ಕನ್ಯೆ ಎಲ್ಲಾದರೂ ಇದೆಯೇ ಎಂದು ಮುಂದಿನ ಊರಿನ ತನಕ ಕೇಳುತ್ತಾನೆ. ಅವನ ಹಿಂದೆ ಜೀಪು, ಜೀಪಿನ ಹಿಂದೆ ಕೆಂಪು ಎಸ್‌ಟಿ, ಅದರ ಹಿಂದೆ ಹಾಲಿನ ಟ್ಯಾಂಕರ್. ಎಲ್ಲರೂ ಹಾರ್ನ್ ಬಾರಿಸುತ್ತಿದ್ದರೂ ಕನ್ಯೆಯ ವಿವರ ಪೂರ್ತಿಯಾಗದೆ ಅವನು ಸರಿಯುವುದಿಲ್ಲ. "ಇಂಥ ದಾರ್‍ಯಾಗ ಸೈಕಲ್ ಹೊಡೀತೀರಿ, ನಿಮ್ಮ ಪಾಲಿಸಿ ಚಾಲೂ ಐತಲ್ಲ?" ಎನ್ನುವುದು ಅವನ ವಿದಾಯದ ಮಾತು. ಇದೇ ಪ್ರಶ್ನೆಯನ್ನು ಹೆಂಡತಿ ದಿನಾ ನಸುಕಿನಲ್ಲಿ ಬಾಗಿಲು ತೆರೆಯುವಾಗ ಕೇಳುತ್ತಾಳೆ. ಇಬ್ಬರ ದನಿಯಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಹೆಂಡತಿಯದರಲ್ಲಿ ಮೊತ್ತದ ವಿಚಾರಣೆಯೂ ಇರುತ್ತದೆ.

ಇದಕ್ಕೆ ಪರಿಹಾರ ಕಂಡುಹಿಡಿದವರು ಮಾಸ್ತರರು. ಸೈಕಲ್ಲನ್ನು ದಾಟುವ ಗಾಡಿ ಎಷ್ಟು ಅಂತರ ಬಿಡಬೇಕೆಂದು ಕೆಲವು ದೇಶಗಳಲ್ಲಿ ಕಾನೂನೇ ಇದೆ ಎಂದು ಅವರು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2014ರಿಂದ ನಿಧಾನದ ರಸ್ತೆಯಲ್ಲಿ ಒಂದು ಮೀಟರ್, ವೇಗದ ರಸ್ತೆಯಲ್ಲಿ ಒಂದೂವರೆ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ, ಹೊರಗೆ ಎರಡು ಮೀಟರ್. ಮಾಸ್ತರರು ಅಳೆದು ಒಂದೂವರೆ ಮೀಟರಿನ ಬಿದಿರು ಕಡಿಸಿ, ಗಾಡಿಯವರಿಗೆ ಕಾಣಲೆಂದು ತುದಿಗೆ ಬಟ್ಟೆ ಕಟ್ಟಿ, ಅದನ್ನು ನನ್ನ ಸೈಕಲ್ಲಿನ ಹಿಂಬದಿಗೆ ಅಡ್ಡಲಾಗಿ ಬಿಗಿದರು. ಕೆಂಪು ಬಟ್ಟೆ ಮನೆಯಲ್ಲಿ ಸಿಗಲಿಲ್ಲವೆಂದು ಗಣಪತಿ ಮಂಟಪದ ಕಾವಿ ತುಂಡನ್ನೇ ಕಟ್ಟಿದ್ದರು.

ಅಡ್ಡ ಕೋಲಿನ ಆಯುಷ್ಯ ನಮ್ಮ ಮನೆಯ ಗೇಟಿನವರೆಗೆ. ಒಳಗೆ ಬರುವಾಗ ಅದು ಗೇಟಿಗೆ ಸಿಕ್ಕಿ, ನಾನು ಮಾತ್ರ ತುಳಸಿಕಟ್ಟೆಯವರೆಗೆ ಬಂದೆ. ಹೆಂಡತಿ ಮಾತಿಲ್ಲದೆ ಕೋಲನ್ನು ಬಿಚ್ಚಿ ನೆಟ್ಟಗೆ ನಿಲ್ಲಿಸಿ ಕಟ್ಟಿದಳು. ಮರುದಿನ ಹಾಗೆಯೇ ಹೊರಟೆವು. ಆಷಾಢದ ಏಕಾದಶಿ ಹತ್ತಿರ ಬಂದಿತ್ತು. ಕರ್ನಾಟಕದ ಕಡೆಯ ದಿಂಡಿಗಳು ತಾಳ ಬಾರಿಸುತ್ತ ಸಾಂಗೋಲೆಯ ದಾರಿಯಲ್ಲಿ ಪಂಢರಪುರಕ್ಕೆ ನಡೆಯುವ ದಿನಗಳು. ಮುಂದೆ ನಾನು, ನನ್ನ ತಲೆಯ ಮೇಲೆ ಪಟಪಟ ಹಾರುವ ಕಾವಿ ಬಟ್ಟೆ, ಹಿಂದೆ ಒಂದೇ ಸಾಲಿನಲ್ಲಿ ಗುಂಪು.

ಎದುರಿನಿಂದ ಬಂದ ಲಾರಿ ನಿಂತಿತು. ಚಾಲಕ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದು "ಮಾವುಲಿ!" ಎಂದ. ಟ್ಯಾಂಕರಿನವನು ರಸ್ತೆಯ ಆಚೆ ಅಂಚಿಗೆ ಸರಿದ. ಎಸ್‌ಟಿ ಬಸ್ಸು ನಾವು ಮುಂದೆ ಹೋಗುವ ತನಕ ಹಿಂದೆಯೇ ಕಾದಿತ್ತು. ಒಬ್ಬರು ಗಾಡಿ ನಿಲ್ಲಿಸಿ ಬಾಳೆಹಣ್ಣು ಹಂಚಿದರು, ಇನ್ನೊಬ್ಬರು ಸಾಬೂದಾಣೆ ಖಿಚಡಿಯ ಡಬ್ಬಿಯನ್ನೇ ಕೊಟ್ಟರು. ನಾವು ಜತ್ತಕ್ಕೆ ವಡಾ ತಿನ್ನಲು ಹೊರಟವರೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಂಪೌಂಡರ್ ಖಿಚಡಿ ಮುಗಿಸಿ ಕಣ್ಣುಮುಚ್ಚಿ ವಿಠ್ಠಲನನ್ನು ನೆನೆದ. "ಕ್ವೀನ್ಸ್‌ಲ್ಯಾಂಡಿನವರಿಗೆ ಒಂದೂವರೆ ಮೀಟರು, ವಿಠೋಬನ ರಾಜ್ಯದಾಗ ಪೂರ್ತಿ ರಸ್ತಾ" ಎಂದರು ಮಾಸ್ತರರು.

ನಾನು ಮನೆ ಮುಟ್ಟುವುದಕ್ಕಿಂತ ಮೊದಲು ಸುದ್ದಿ ಬೈಕಿನ ಮೇಲೆ ಬಂದು ಮುಟ್ಟಿತ್ತು. ಅಂಗಳದಲ್ಲಿ ಓಣಿಯ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಕಂತು ಕೊಡುವುದನ್ನು ಬಿಟ್ಟವರೂ ಕಾಲು ಮುಟ್ಟಲು ಬಂದಿದ್ದರು. ಅವ್ವ ಮಾತ್ರ ಮೂಲೆಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದಳು.

"ಚಟ್ಟಿ ಅಮಾವಾಸಿಗೆ ಗುಡ್ಡಾಪುರ ದಾನಮ್ಮನ ಕಡೆ ವಿಜಾಪುರದಿಂದ ನಡಕೋತ ಬರ್ತಾರ. ನೀ ಗಾಲಿ ಮ್ಯಾಲ ಕುಂತು ದೇವರ ಹೆಸರಿಲೆ ಹಣ್ಣು ತಿಂದಿ. ಇನ್ನ ಪಂಢರಪುರಕ್ಕ ಹೋಗದಿದ್ರ ಆ ಋಣ ಯಾವ ಪಾಲಿಸ್ಯಾಗ ತೀರ್ತೈತಿ?"

ನಾಸಿಕದ ಸೈಕಲ್ಲಿನವರು ವರ್ಷಾವರ್ಷ ಪಂಢರಪುರಕ್ಕೆ ಸೈಕಲ್ ವಾರಿ ಹೋಗುತ್ತಾರೆ, ಅದು ನೂರಾರು ಕಿಲೋಮೀಟರ್, ನಮ್ಮದು ಎಷ್ಟರದು ಎಂದು ವ್ಯಾಪಾರಿಯ ಮಗ ಉರಿಯುವುದಕ್ಕೆ ಎಣ್ಣೆ ಹೊಯ್ದ. ಹೊರಟೆವು. ಹಿಂದೆ ವ್ಯಾಪಾರಿಯ ಸಣ್ಣ ಟೆಂಪೊ, ಅದರಲ್ಲಿ ರೊಟ್ಟಿಯ ಗಂಟು, ಹೆಂಡತಿ, ಹಿಂಬದಿಯ ಹಲಗೆಗೆ ಒರಗಿ ಅವ್ವ. ಸಾಂಗೋಲೆಯ ಹತ್ತಿರ ಒಂದು ಕಾರು ಹಾರ್ನ್ ಬಾರಿಸುತ್ತ ನಮ್ಮನ್ನು ಸವರಲು ಬಂದಾಗ ಅವ್ವ ಬಿದಿರಿನ ಕೋಲನ್ನು ಕೇಳಿ ಪಡೆದು ರಸ್ತೆಯ ಮೇಲೆ ಅಡ್ಡ ಚಾಚಿದಳು. ಅಲ್ಲಿಂದ ಪಂಢರಪುರದವರೆಗೆ ಜರ್ಮನಿಯ ಕಾನೂನಿಗಿಂತ ಹೆಚ್ಚಿನ ಅಂತರ ನಮಗೆ ಸಿಕ್ಕಿತು.

ದರ್ಶನದ ಸಾಲು ಊರು ದಾಟಿತ್ತು. ಚಂದ್ರಭಾಗೆಯಲ್ಲಿ ಕಾಲು ತೊಳೆದು, ಹೊರಗಿನಿಂದಲೇ ಶಿಖರಕ್ಕೆ ಕೈಮುಗಿದು, ಸೈಕಲ್ಲುಗಳನ್ನೂ ನಮ್ಮನ್ನೂ ಟೆಂಪೊಕ್ಕೆ ಹೇರಿಕೊಂಡು ಶೇಗಾಂವಕ್ಕೆ ಬಂದೆವು. ಹಿಂದಿರುಗುವ ದಾರಿಯುದ್ದಕ್ಕೂ ನಾನು ಟೆಂಪೊದ ಕಂಬಿ ಹಿಡಿದು ನಿಂತೇ ಇದ್ದೆ. ಮೆತ್ತೆಯ ಚಡ್ಡಿ ತಯಾರಿಸಿದವರು ಇಷ್ಟು ದೂರದ ಭಕ್ತಿಯನ್ನು ಊಹಿಸಿರಲಿಲ್ಲ.

ಪಡಸಾಲೆಯಲ್ಲಿ ಓಣಿಯವರೆಲ್ಲ ಸೇರಿದರು. ಕುರ್ಚಿ ಹಾಕಿ ಕೂಡಿರೆಂದರು, ಕೂಡಲಾಗಲಿಲ್ಲ. ಚಾಪೆ ಹಾಸಿದರು, ಬಗ್ಗಲಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಎರಡೂ ಕೈಯನ್ನು ಸೊಂಟದ ಮೇಲೆ ಊರಿ, ಕಾಲು ಜೋಡಿಸಿ, ಗೋಡೆಯ ಮುಂದೆ ನೆಟ್ಟಗೆ ನಿಂತುಕೊಂಡೆ. ಅವ್ವ ದಿಟ್ಟಿಸಿ ನೋಡಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು ಕೇಳಿದಳು:

"ಇಟ್ಟಂಗಿ ತರ್ಲೇನ್ರಿ?"