ಎರಡನೆಯ ಎಂಜಿನ್ ಎಲ್ಲಿದೆ?

ಪಕ್ಕದ ಮನೆ ಹುಡುಗನ ರೇಸ್ ಕಾರಾದ ಮಾರುತಿ ಎಸ್ಟೀಮ್‌ಗೆ ಎಂಜಿನ್ ಬೇಕಾಗಿದೆ. ಇದ್ದದ್ದು ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ, ಪ್ರಾಕ್ಟೀಸ್ ದಿನವೇ ಹೋಯಿತು. ಆಮೇಲಿಂದ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಕಾಫಿ ಲೋಟದ ಪಕ್ಕದಲ್ಲಿ ಬೇರಿಂಗು, ಪಿಸ್ಟನ್ ರಿಂಗು ಎಲ್ಲ ಬಂದು ಕೂರುತ್ತಿವೆ. ಅವನು ವಾರವಿಡೀ ಆಫೀಸಿನಲ್ಲಿ ದುಡಿದು, ಸಂಬಳದಲ್ಲಿ ಉಳಿಸಿದ್ದನ್ನು ರೇಸಿಗೆ ಸುರಿಯುವ ಹುಡುಗ. ನಾನು ಎಂಜಿನ್ ಬೋರಿಂಗ್ ಅಂಗಡಿಯಲ್ಲಿ ಕೈ ಕಪ್ಪು ಮಾಡಿಕೊಂಡೇ ತಲೆ ಬೆಳ್ಳಗಾದವನು. ಇಬ್ಬರಿಗೂ ಮಾತಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಲಾರದು.

"ಅಂಕಲ್, ಈ ಸಲ 1600 ಹಾಕ್ಬಿಡೋಣ ಅಂತಿದೀನಿ. ಬಲೆನೋದು."

"ಹಾಕೋಣಪ್ಪ. ಅದಕ್ಕೆ ಮುಂಚೆ ಹಳೇದು ಯಾಕೆ ಹೋಯ್ತು ಹೇಳು."

"ಟಕ ಟಕ ಅಂತ ಸದ್ದು ಬಂತು. ಪಿಟ್‌ಗೆ ಬರೋಷ್ಟರಲ್ಲಿ ರಾಡ್ ಬ್ಲಾಕ್ ಒಡೆದು ಆಚೆ ಬಂತು."

ಅವನು ತಂದಿಟ್ಟಿದ್ದ ಬಿಗ್ ಎಂಡ್ ಬೇರಿಂಗ್ ಕೈಗೆ ತೆಗೆದುಕೊಂಡೆ. ಅರ್ಧ ಬಳೆಯ ಆಕಾರದ ಪುಟ್ಟ ಲೋಹದ ತಗಡು ಅದು. ಹೊಸದಿದ್ದಾಗ ಒಳಮೈ ಒಂದೇ ಸಮ ಬೂದುಬಣ್ಣಕ್ಕಿರುತ್ತದೆ. ಇದರಲ್ಲಿ ಆ ಬೂದು ಪದರ ಉಜ್ಜಿಹೋಗಿ ಕೆಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಅಂಚು ಕಾದು ನೀಲಿಯಾಗಿತ್ತು. ಬೆನ್ನು ತಿರುಗಿಸಿದರೆ ಉದ್ದಕ್ಕೂ ಗೀರು: ತನ್ನ ಜಾಗದಲ್ಲಿ ಕಚ್ಚಿಕೊಂಡಿರಬೇಕಾದ್ದು ಕ್ರ್ಯಾಂಕಿನ ಜೊತೆ ತಾನೂ ಸುತ್ತಿದೆ. ಉಳಿದ ಮೂರು ರಾಡಿನ ಬೇರಿಂಗ್‌ಗಳಲ್ಲೂ ಅಲ್ಲಲ್ಲಿ ತಾಮ್ರ ಇಣುಕುತ್ತಿತ್ತು. ಒಂದೇ ಬೇರಿಂಗ್ ಹೋಗಿದ್ದರೆ ಆ ಜಾಗದ ದೋಷ ಎನ್ನಬಹುದಿತ್ತು. ನಾಲ್ಕೂ ಒಟ್ಟಿಗೆ ಸವೆದಿವೆ ಅಂದರೆ ಎಂಜಿನ್‌ಗೆ ಆಯಿಲ್ ಸಿಕ್ಕಿಲ್ಲ.

"ಆಯಿಲ್ ಫುಲ್ ಇತ್ತು ಅಂಕಲ್, ನಾನೇ ಚೆಕ್ ಮಾಡಿದ್ದೆ!"

ಇತ್ತು, ಇದ್ದ ಜಾಗ ಬೇರೆ. ಕಾರಿನಲ್ಲಿ ಸಾರಿನ ಪಾತ್ರೆ ಇಟ್ಟುಕೊಂಡು ತಿರುವಿನಲ್ಲಿ ಜೋರಾಗಿ ಹೋಗಿ ನೋಡಿ, ಸಾರೆಲ್ಲ ಒಂದು ಮಗ್ಗುಲಿಗೆ ಏರಿಕೊಳ್ಳುತ್ತದೆ. ಎಂಜಿನ್ ತಳದ ಸಂಪ್‌ನಲ್ಲಿರುವ ಆಯಿಲ್ ಕೂಡ ಹಾಗೇ. ರಸ್ತೆಯ ಮೇಲೆ ಆ ತಿರುವು ಕ್ಷಣದಲ್ಲಿ ಮುಗಿಯುತ್ತದೆ, ಟೈರಿಗೂ ಅಷ್ಟು ಹಿಡಿತ ಇರುವುದಿಲ್ಲ. ಟ್ರ್ಯಾಕ್‌ನಲ್ಲಿ ಅಂಟು ಟೈರ್ ಹಾಕಿ ಉದ್ದನೆಯ ತಿರುವನ್ನು ಪೂರ್ತಿ ವೇಗದಲ್ಲಿ ತೆಗೆದುಕೊಂಡಾಗ ಆಯಿಲ್ ಅಷ್ಟೂ ಹೊತ್ತು ಮಗ್ಗುಲಲ್ಲೇ ನಿಂತುಬಿಡುತ್ತದೆ. ಪಂಪ್ ಗಾಳಿ ಎಳೆಯುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ಮಧ್ಯೆ ಇರಬೇಕಾದ ಆಯಿಲ್ ಪರೆ ಕಿತ್ತುಹೋಗುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಸಂಸಾರಸ್ಥರ ಕಾರಿಗೆಂದು ಮಾಡಿದ ಸಂಪ್ ಅದು. ಅದರ ತಪ್ಪೇನೂ ಇಲ್ಲ.

ಆದ್ದರಿಂದ ಎಂಜಿನ್ ಹುಡುಕಲು ಹೊರಡುವ ಮುಂಚೆ ಆಗಬೇಕಾದ ಕೆಲಸ ಸಂಪ್‌ನದು. ಒಳಗೆ ಅಡ್ಡ ತಗಡು ಬೆಸೆದು ಆಯಿಲ್ ಪಿಕಪ್ ಪೈಪಿನ ಸುತ್ತಲೇ ನಿಲ್ಲುವಂತೆ ಮಾಡಿಸಬೇಕು. ಡ್ಯಾಶ್‌ಬೋರ್ಡಿಗೆ ಪ್ರೆಶರ್ ಗೇಜು ಬೇಕು, ಅದರ ಜೊತೆಗೆ ಕಣ್ಣಿಗೆ ಹೊಡೆಯುವಂಥ ದೊಡ್ಡ ಕೆಂಪು ದೀಪವೂ ಬೇಕು. ತಿರುವಿನ ಮಧ್ಯೆ ಮುಳ್ಳು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಇಷ್ಟು ಮಾಡದೆ ಎಷ್ಟು ಒಳ್ಳೆಯ ಎಂಜಿನ್ ತಂದು ಕೂರಿಸಿದರೂ ಅದೇ ತಿರುವಿನಲ್ಲಿ ಅದೇ ಗತಿ.

"ಸರಿ, ಸಂಪ್ ಮಾಡಿಸ್ತೀನಿ. ಈಗ ಎಂಜಿನ್ ಮಾತಾಡೋಣ."

ಮಾತಾಡೋಣ. ಎಸ್ಟೀಮ್ 1994ರಿಂದ 2007ರವರೆಗೆ ಮಾರಾಟವಾದ ಕಾರು. ಮೊದಲು ಬಂದದ್ದು ಕಾರ್ಬ್ಯುರೇಟರಿನ 8 ವಾಲ್ವಿನ ಎಂಜಿನ್. ಆಮೇಲಿನದು 16 ವಾಲ್ವಿನ ಎಂಪಿಎಫ್‌ಐ, ಸುಮಾರು 85 ಕುದುರೆಶಕ್ತಿ. ಇವನ ಕಾರಿನಲ್ಲಿದ್ದದ್ದು ಎರಡನೆಯದು. ಬೋರ್ 74 ಮಿಲಿಮೀಟರ್, ಸ್ಟ್ರೋಕ್ 75.5, ಒಟ್ಟು 1298 ಸಿಸಿ. ಅವನ ಕಣ್ಣು ಬಿದ್ದಿರುವುದು ಹಳೆಯ ಬಲೆನೋ ಸೆಡಾನ್‌ನ 1590 ಸಿಸಿ ಎಂಜಿನ್ ಮೇಲೆ. ಅದರ ಬೋರ್ 75, ಸ್ಟ್ರೋಕ್ 90. ಒಂದೇ ವಂಶದ ಎಂಜಿನ್, ಶಕ್ತಿ 94ರ ಆಸುಪಾಸು. ಒಂಬೈನೂರು ಕೆಜಿಯೂ ತೂಗದ ಎಸ್ಟೀಮ್‌ಗೆ ಅದು ಸಣ್ಣ ಲಾಭವಲ್ಲ. ತಿರುವು ಮುಗಿಸಿ ಹೊರಬರುವಾಗ ಪಿಕಪ್ ಚೆನ್ನಾಗಿರುತ್ತದೆ. ಆಸೆ ಹುಟ್ಟುವುದು ಸಹಜ.

ಆದರೆ ಆ ಸ್ಟ್ರೋಕ್ ನೋಡಬೇಕು. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಪಿಸ್ಟನ್ ಒಂದು ಸಲ ಕೆಳಗೆ, ಒಂದು ಸಲ ಮೇಲೆ. 7000 ಆರ್‌ಪಿಎಮ್‌ನಲ್ಲಿ 75.5ರ ಸ್ಟ್ರೋಕಿನ ಪಿಸ್ಟನ್ ಸರಾಸರಿ ಸೆಕೆಂಡಿಗೆ 17.6 ಮೀಟರ್ ಓಡುತ್ತದೆ. 90ರ ಸ್ಟ್ರೋಕಿನದು 21 ಮೀಟರ್. ಅಷ್ಟು ವೇಗದಲ್ಲಿ ಓಡುವುದನ್ನು ಮೇಲೊಮ್ಮೆ ಕೆಳಗೊಮ್ಮೆ ನಿಲ್ಲಿಸಿ ತಿರುಗಿಸುವ ಹೊರೆ ರಾಡು, ಬೋಲ್ಟು, ಬೇರಿಂಗಿನ ಮೇಲೆ. ಅಂದರೆ 1600 ಹಾಕಿದವನು ಗೇರ್ ಬೇಗ ಬದಲಿಸುವುದನ್ನು ಕಲಿಯಬೇಕು, ಇಲ್ಲವೇ ಒಳಗಿನ ಸಾಮಾನೆಲ್ಲ ಗಟ್ಟಿಯದು ಹಾಕಿಸಬೇಕು. ಕೆಂಪು ಗೆರೆ ಮುಟ್ಟಿಸಿಯೇ ಗೇರ್ ಹಾಕುವ ಅಭ್ಯಾಸ ಇವನದು.

ಇನ್ನು ರೂಲ್ ಬುಕ್. ರೇಸಿನ ವರ್ಗ ನಿಂತಿರುವುದು ಸಿಸಿ ಮೇಲೆ. ಅಲ್ಲಿ 1590 ಅಂದರೆ ಓಡುವ ಗುಂಪೇ ಬದಲಾಗುತ್ತದೆ. 1300ರವರ ಜೊತೆ ಗುದ್ದಾಡಿಕೊಂಡಿದ್ದವನು ಹೋಂಡಾ ಸಿಟಿ ವಿಟೆಕ್‌ನಂಥ ಕಾರುಗಳ ಬೆನ್ನು ಹತ್ತಬೇಕಾಗುತ್ತದೆ. ಹಳೆಯ ಎಂಜಿನನ್ನೇ ಬೋರ್ ಮಾಡಿಸುವುದಾದರೂ ಲೆಕ್ಕ ಹಾಕಿಯೇ ಮಾಡಿಸಬೇಕು. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದರೆ 1298 ಹೋಗಿ 1316 ಸಿಸಿ ಆಗುತ್ತದೆ. ಆ ವರ್ಷದ ನಿಯಮ ಅಷ್ಟಕ್ಕೆ ಒಪ್ಪುತ್ತದೆಯೇ ಎಂದು ಓದಿದ ಮೇಲೆ ಬೋರಿಂಗ್ ಅಂಗಡಿಯ ಮೆಟ್ಟಿಲು ಹತ್ತಬೇಕು.

"ಆಮೇಲಿನ ಸ್ವಿಫ್ಟಿನ ಕೆ ಸೀರೀಸ್ ಹೆಂಗೆ ಅಂಕಲ್? ಹೊಸ ಎಂಜಿನ್, ಟೈಮಿಂಗ್ ಚೈನು, ಬೆಲ್ಟ್ ಕಿತ್ತೋಗೋ ಭಯ ಇಲ್ಲ."

1197 ಸಿಸಿಯ ಆ ಎಂಜಿನ್ ಚೊಕ್ಕವಾದದ್ದೇ. ಎಸ್ಟೀಮ್‌ನೊಳಗೆ ಕೂರಿಸಬೇಕೆಂದರೆ ಮೌಂಟಿಂಗ್ ಹೊಸದು, ಗೇರ್‌ಬಾಕ್ಸ್ ಹೊಂದಿಸಬೇಕು, ವೈರಿಂಗ್ ಪೂರ್ತಿ ಎಳೆಯಬೇಕು, ಎಂಜಿನ್ನಿನ ಕಂಪ್ಯೂಟರ್ ಇಸಿಯು ಕೀಲಿಯ ಗುರುತು ಕೇಳಿ ಹಟ ಹಿಡಿಯುತ್ತದೆ, ಅದನ್ನು ಒಪ್ಪಿಸಬೇಕು. ಅಷ್ಟು ಮಾಡಿದ ಮೇಲೂ ರೇಸಿಗೆ ಮುಂಚಿನ ಸ್ಕ್ರೂಟಿನಿಯಲ್ಲಿ ಈ ಕಾರಿಗೆ ಈ ಎಂಜಿನ್ ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಅದು ಎಂಜಿನ್ ಬದಲಾಯಿಸುವ ಕೆಲಸವಲ್ಲ, ಹೊಸ ಕಾರು ಕಟ್ಟುವ ಕೆಲಸ. ಇಡೀ ಸೀಸನ್ ಗ್ಯಾರೇಜಿನಲ್ಲೇ ಕಳೆಯುತ್ತದೆ.

ಇಲ್ಲಿಗೆ ಬಂದಾಗ ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀನು ಹಾಕೋ ಎಂಜಿನ್ ಶನಿವಾರ ಮಧ್ಯಾಹ್ನ ಹೋಯ್ತು ಅಂತಿಟ್ಕೋ. ಭಾನುವಾರದ ರೇಸಿಗೆ ಇನ್ನೊಂದು ಎಲ್ಲಿಂದ ತರ್ತೀಯ?"

ದುಡ್ಡಿರುವ ಟೀಮಿಗೆ ಈ ಪ್ರಶ್ನೆಯೇ ಇಲ್ಲ, ಅವರ ಲಾರಿಯಲ್ಲೇ ಇನ್ನೊಂದು ಇರುತ್ತದೆ. ಸಂಬಳದವನ ರೇಸಿಂಗ್ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅವನಿಗೆ ಒಳ್ಳೆಯ ಎಂಜಿನ್ ಅಂದರೆ ಅದು ಹೋದ ದಿನ ಇನ್ನೊಂದು ಸಿಗುವಂಥದ್ದು. 1300ರ 16 ವಾಲ್ವಿನ ಎಂಜಿನ್ ಎಸ್ಟೀಮ್‌ನಲ್ಲಿ ಬಂತು, ಜಿಪ್ಸಿಯಲ್ಲಿ ಬಂತು, ವರ್ಸಾದಲ್ಲಿ ಬಂತು, 2005ರ ಮೊದಲ ಸ್ವಿಫ್ಟ್‌ನಲ್ಲೂ ಬಂತು. ಎಲ್ಲವೂ ಹಾಗೆಹಾಗೇ ಕೂರುತ್ತವೆ ಎಂದಲ್ಲ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕಿರುತ್ತದೆ, ಎಸ್ಟೀಮ್‌ನಲ್ಲಿ ಅಡ್ಡಕ್ಕೆ. ಸಂಪು, ಮ್ಯಾನಿಫೋಲ್ಡು, ಮೌಂಟಿಂಗು ಬೇರೆ. ಆದರೂ ಒಳಗಿನ ಸಾಮಾನು ಹೊಂದಿಸಿ ನೋಡಲು ನಾಲ್ಕು ಬಾಗಿಲು ತೆರೆದಿರುತ್ತವೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಗ್ಯಾಸ್ಕೆಟ್ ಕೇಳಬಹುದು, ಶಿವಾಜಿನಗರದ ಗುಜರಿಯಲ್ಲಿ ಹೆಡ್ ಹುಡುಕಬಹುದು. ಎಲ್‌ಜಿಬಿ ಫಾರ್ಮುಲಾ 4 ರೇಸ್ ಕಾರಿನಲ್ಲೂ ಮಾರುತಿಯ 1300 ಎಂಜಿನ್ನೇ ಇರುವುದರಿಂದ ಕೊಯಮತ್ತೂರಿನ ಪಿಟ್‌ನಲ್ಲಿ ಅದರ ನಾಡಿ ಬಲ್ಲ ಮೆಕ್ಯಾನಿಕ್‌ಗಳಿಗೂ ಕೊರತೆಯಿಲ್ಲ. ಸಂಜೆ ಏಳಕ್ಕೆ ಕೈಲಿ ಟಾರ್ಚ್ ಹಿಡಿದು ನಿಂತಾಗ ಹತ್ತು ಕುದುರೆಶಕ್ತಿಗಿಂತ ಇಂಥ ಒಬ್ಬ ಮನುಷ್ಯ ಹೆಚ್ಚು.

ನಮ್ಮ ದೇಶದ ರೇಸಿಂಗ್ ಬೆಳೆದದ್ದೂ ಇದೇ ದಾರಿಯಲ್ಲಿ. ಕೊಯಮತ್ತೂರಿನ ಎಸ್. ಕರಿವರ್ಧನ್ ಫಾರ್ಮುಲಾ ಮಾರುತಿ ಎಂಬ ಪುಟ್ಟ ಸಿಂಗಲ್ ಸೀಟರ್ ಕಟ್ಟಿದಾಗ ಅದಕ್ಕೆ ಹಾಕಿದ್ದು ಬೀದಿಬೀದಿಯಲ್ಲಿ ಓಡುತ್ತಿದ್ದ ಮಾರುತಿ 800ರ ಎಂಜಿನ್. ಮೂರು ಸಿಲಿಂಡರ್, 796 ಸಿಸಿ. ಯಾವ ಊರಿನಲ್ಲಾದರೂ ಬಿಡಿಭಾಗ ಸಿಗುತ್ತಿದ್ದ ಎಂಜಿನ್. ಆ ಕಾರಿನಿಂದ ಎಷ್ಟೋ ಹುಡುಗರಿಗೆ ರೇಸಿಂಗ್ ಕೈಗೆಟುಕಿತು. 2005ರಲ್ಲಿ ಭಾರತದಿಂದ ಮೊಟ್ಟಮೊದಲು ಫಾರ್ಮುಲಾ ಒನ್ ಓಡಿಸಿದ ನರೇನ್ ಕಾರ್ತಿಕೇಯನ್ ಕೂಡ ಶುರುಮಾಡಿದ್ದು ಫಾರ್ಮುಲಾ ಮಾರುತಿಯಲ್ಲೇ. ಕೊಯಮತ್ತೂರಿನ ಟ್ರ್ಯಾಕಿಗೆ ಇಂದು ಕರಿವರ್ಧನರ ಹೆಸರಿದೆ. ಅವರು ಎಂಜಿನ್ ಆರಿಸಿದ ರೀತಿಯನ್ನು ನಾವೂ ನೆನಪಿಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

"ಆಯ್ತು, 1300ನೇ ತಗೋತೀನಿ. ಗುಜರೀಲಿ ಒಂದು ನೋಡಿದೀನಿ. ಚೆನ್ನಾಗಿ ಓಡ್ತಿತ್ತು ಅಂದ್ರು."

ಓಡುತ್ತಿತ್ತು ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು, ಕೈಯಿಂದ ನೋಡಬೇಕು. ಆಯಿಲ್ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿದರೆ ಕಪ್ಪು ಗಸಿ ಕಟ್ಟಿದೆಯೇ, ಹಾಲು ಬೆರೆಸಿದಂತೆ ಬೆಳ್ಳಗಿದೆಯೇ ತಿಳಿಯುತ್ತದೆ. ಬೆಳ್ಳಗಿದ್ದರೆ ನೀರು ಸೇರಿದೆ ಎಂದು ಅನುಮಾನಿಸಬೇಕು. ಡ್ರೈನ್ ಬೋಲ್ಟ್ ಬಿಚ್ಚಿ ಕೊನೆಯ ಹನಿಗಳನ್ನು ಬಿಳಿ ಬಟ್ಟೆಯ ಮೇಲೆ ಹಿಡಿದಾಗ ಮಿನುಗುವ ಚೂರು ಕಂಡರೆ ಅಲ್ಲಿಂದ ಎದ್ದು ಬರಬೇಕು. ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ನೋಡಬೇಕು. ಅಂಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ನಾಲ್ಕೂ ಹತ್ತಿರಹತ್ತಿರ ಇವೆಯೇ ಎಂಬುದು ಮುಖ್ಯ. ಒಂದು ಕಡಿಮೆಯಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವಿನ ಕಡೆ ತೊಂದರೆ.

ಇದಕ್ಕಿಂತ ಖಚಿತವಾದದ್ದು ಗಾಳಿಯ ಪರೀಕ್ಷೆ. ಪಿಸ್ಟನ್ ಮೇಲಕ್ಕೆ ತಂದು, ಎರಡೂ ಕಡೆಯ ವಾಲ್ವು ಮುಚ್ಚಿರುವ ಹೊತ್ತಿನಲ್ಲಿ, ಕ್ರ್ಯಾಂಕ್ ತಿರುಗದಂತೆ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಭದ್ರವಾಗಿ ಹಿಡಿದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಬೇಕು. ಆಮೇಲೆ ಸುಮ್ಮನೆ ಕಿವಿಗೊಟ್ಟು ಕೇಳುವುದು. ಆಯಿಲ್ ಕ್ಯಾಪಿನ ಬಾಯಲ್ಲಿ ಜೋರಾಗಿ ಸುಸ್ಸೆಂದರೆ ರಿಂಗು. ಥ್ರಾಟಲಿನ ಕಡೆ ಬಂದರೆ ಇನ್‌ಲೆಟ್ ವಾಲ್ವು, ಸೈಲೆನ್ಸರ್ ಕಡೆ ಬಂದರೆ ಎಕ್ಸಾಸ್ಟ್ ವಾಲ್ವು. ಹೆಡ್ಡಿನ ನೀರಿನ ಪೈಪಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟು, ಇಲ್ಲವೇ ಬಿರುಕು. ಎಂಜಿನ್ ತಾನೇ ತನ್ನ ಕಾಯಿಲೆ ಹೇಳಿಕೊಳ್ಳುತ್ತದೆ. ಗುಜರಿಯವರು ಗಾಳಿ ಹಿಡಿಯಲು ಬಿಡುವುದಿಲ್ಲ ಎಂದರೆ ಬೇರೆ ಅಂಗಡಿ ಇದ್ದೇ ಇದೆ. ಎಂಜಿನ್ ನಂಬರ್ ಸ್ಪಷ್ಟವಾಗಿರಬೇಕು, ಅದು ಬಂದ ಕಾರಿನ ಕಾಗದ ಪತ್ರದ ನಕಲು ಕೈಗೆ ಬರಬೇಕು. ಯಾರದೋ ಮನೆ ಮುಂದಿನಿಂದ ಕದ್ದ ಕಾರಿನ ಎಂಜಿನ್ ನಮಗೆ ಬೇಡ.

ತಂದ ಮೇಲೂ ಹಾಗೇ ಕೂರಿಸಬಾರದು. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಆಯಿಲ್ ಸೀಲು ಈಗಲೇ ಹೊಸದು ಹಾಕಬೇಕು, ಎಂಜಿನ್ ನೆಲದ ಮೇಲಿದ್ದಾಗ ಅರ್ಧ ದಿನದ ಕೆಲಸ ಅದು. ಸಂಪ್ ಬಿಚ್ಚಿ ಬಿಗ್ ಎಂಡ್ ಬೇರಿಂಗ್ ಹೊಸದು ಹಾಕಿ, ಕ್ಲಿಯರೆನ್ಸ್ ಅಳೆದೇ ಮುಚ್ಚಬೇಕು. ಪೆಟ್ರೋಲ್ ಹೋಸುಗಳನ್ನೂ ಬದಲಾಯಿಸಬೇಕು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡಾ 20ರಷ್ಟು ಇರುತ್ತದೆ, 90ರ ದಶಕದ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಬಿಸಿ ಎಂಜಿನ್ ಪಕ್ಕದಲ್ಲಿ ಒಂದು ಹೋಸ್ ಬಿರಿದರೆ ಮಾತು ಎಂಜಿನ್‌ನದಲ್ಲ, ಪ್ರಾಣದ್ದು.

ಹೆಡ್ ಕೆತ್ತಿಸಿ, ಕಂಪ್ರೆಶನ್ ಏರಿಸಿ, ದೊಡ್ಡ ಕ್ಯಾಮ್ ಹಾಕಿಸುವ ಮಾತನ್ನೂ ಅವನು ತೆಗೆದ. ನಿಯಮ ಬಿಟ್ಟರೆ ಮುಂದೆ ಮಾಡಿಸಲಿ, ನಾನೇ ನಿಂತು ಮಾಡಿಸುತ್ತೇನೆ. ಈಗ ಬೇಡ ಎಂದೆ. ಕಂಪನಿ ಅಳತೆಯಲ್ಲಿರುವ ಆರೋಗ್ಯದ ಎಂಜಿನ್ ಒಂದು ಸೀಸನ್ ಪೂರ್ತಿ ಓಡಲಿ. ಉಳಿದ ದುಡ್ಡು ಟೈರಿಗೆ, ಒಳ್ಳೆಯ ಹೆಲ್ಮೆಟ್ಟಿಗೆ, ಹಾರ್ನೆಸ್ಸಿಗೆ, ಇನ್ನೂ ನಾಲ್ಕು ಪ್ರಾಕ್ಟೀಸ್ ದಿನಗಳಿಗೆ ಹೋಗಲಿ. ಕೊಯಮತ್ತೂರಿನ ಕರಿ ಟ್ರ್ಯಾಕ್ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಚೆನ್ನೈನದು 3.7 ಕಿಲೋಮೀಟರ್. ಎರಡರಲ್ಲೂ ಅವನು ಬ್ರೇಕ್ ಹಾಕುವ ಜಾಗ ಸರಿಪಡಿಸಿಕೊಂಡರೆ ಸಿಗುವ ಸೆಕೆಂಡುಗಳು ಯಾವ ಕ್ಯಾಮ್‌ನಿಂದಲೂ ಸಿಗುವುದಿಲ್ಲ.

"ಹಂಗಾದ್ರೆ ಎಷ್ಟು ಎಂಜಿನ್ ತರೋಣ ಅಂಕಲ್?" ಎಂದ. ಮಾತು ಅರ್ಥವಾಗಿದೆ ಎಂದು ನನಗೆ ಆಗಲೇ ಗೊತ್ತಾಗಿದ್ದು.

"ಬಲೆನೋಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಎರಡು 1300 ಬರುತ್ತಾ ನೋಡು. ಒಂದು ಕಾರಿಗೆ. ಇನ್ನೊಂದು ಹೆಡ್ ಇಲ್ಲದ ಹಾಫ್ ಎಂಜಿನ್ ಆದರೂ ಪರವಾಗಿಲ್ಲ, ಬಿಚ್ಚಿ ಅಳೆದು, ಆಯಿಲ್ ಸವರಿ, ಪ್ಲಾಸ್ಟಿಕ್ ಸುತ್ತಿ ಇಡೋಣ. ಅಳತೆ ಮಾಡೋಕೆ ಮೈಕ್ರೋಮೀಟರ್ ನನ್ನ ಹತ್ರ ಇದೆ. ಸಂಪ್ ಇವತ್ತೇ ಬಿಚ್ಚಿ ಕೊಡು, ನಾಳೆ ಬೆಳಿಗ್ಗೆ ವೆಲ್ಡಿಂಗ್‌ಗೆ ಕಳಿಸೋಣ."