ಏಕಪಕ್ಷೀಯ ಡಿಕ್ರಿಯ ತತ್ತ್ವಮೀಮಾಂಸೆ

ಯಾವ ಶಾಸ್ತ್ರವನ್ನಾದರೂ ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿಗಳೆಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸತಕ್ಕುದೆಂಬುದು ಶಿಷ್ಟಾಚಾರವಾದುದರಿಂದ ನಿರೂಪಿಸುತ್ತೇವೆ. ಬಾಡಿಗೆ ಬಾಕಿಯ ನೆಪದಲ್ಲಿ, ಪ್ರತಿವಾದಿಯ ಅರಿವಿಗೆ ಬಾರದೆಯೇ ಅವನ ಮೇಲೆ ಹುಟ್ಟುವ ಡಿಕ್ರಿಯು ಇಲ್ಲಿ ವಿಷಯ. ಮನೆಯ ಮಾಲೀಕನ ದ್ರವ್ಯಲಾಭವು ಪ್ರಯೋಜನ. ವಾದಿಗೂ ಅವನ ವಕೀಲರಿಗೂ ಇರುವುದು ಸಂಬಂಧ. ಜಪ್ತಿಗೆ ಬಂದ ಅಮೀನನೆದುರು, ಇದು ಯಾವ ದಾವೆಯೆಂದು ಹೆಂಡತಿಗೆ ಹೇಳಲಾರದೆ ನಿಂತ ಬಾಡಿಗೆದಾರನೇ ಅಧಿಕಾರಿ.

ಈ ಡಿಕ್ರಿಯು ಯಾವ ಪ್ರಮಾಣದಿಂದ ಸಿದ್ಧಿಸುತ್ತದೆ? ಪ್ರತ್ಯಕ್ಷದಿಂದಲ್ಲ, ಪ್ರತಿವಾದಿಯನ್ನು ನ್ಯಾಯಾಲಯವು ಕಂಡೇ ಇಲ್ಲ. ಶಬ್ದದಿಂದಲ್ಲ, ಅವನು ಬಾಯಿಬಿಟ್ಟೇ ಇಲ್ಲ. ಆದಕಾರಣ ಭಾಟ್ಟ ಮೀಮಾಂಸಕರು ಆರನೆಯ ಪ್ರಮಾಣವೆಂದು ಒಪ್ಪಿದ ಅನುಪಲಬ್ಧಿಯೇ ಗತಿ. ಅಮೀನನು ಕಚೇರಿಯ ವೇಳೆಯಲ್ಲಿ, ಎಂದರೆ ಸಂಬಳಕ್ಕೆ ದುಡಿಯುವ ಯಾವನೂ ಮನೆಯಲ್ಲಿರದ ವೇಳೆಯಲ್ಲಿ, ಬಾಗಿಲು ತಟ್ಟಿ, ಯಾರನ್ನೂ ಕಾಣದೆ, ಬೀಗ ಹಾಕಿದೆ, ಪ್ರತಿ ಅಂಟಿಸಿದೆ ಎಂದು ಷರಾ ಬರೆಯುತ್ತಾನೆ. ಭಾಟ್ಟರು ಮಾತ್ರ ಒಂದು ತೊಡಕನ್ನಿಟ್ಟಿದ್ದರು: ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದಿದ್ದಾಗಲಷ್ಟೇ ಅದು ಇಲ್ಲವೆನ್ನಬಹುದು; ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ, ಭಾಟ್ಟರನ್ನು ಓದದೆಯೇ, 5ನೆಯ ಆದೇಶದ 17ನೆಯ ನಿಯಮದಲ್ಲಿ ಹೆಚ್ಚುಕಡಮೆ ಇದನ್ನೇ ವಿಧಿಸಿದೆ: ತಕ್ಕ ಶ್ರದ್ಧೆಯಿಂದ ಹುಡುಕಿಯೂ ಸಿಕ್ಕದೆ, ಯುಕ್ತಕಾಲದೊಳಗೆ ಸಿಕ್ಕುವ ಸಂಭವವೂ ಇಲ್ಲದವನ ಸಮನ್ಸನ್ನು, ಅವನು ಸಾಮಾನ್ಯವಾಗಿ ವಾಸಿಸುವ ಮನೆಯ ಬಾಗಿಲಿಗೆ ಅಂಟಿಸಬಹುದು.

ಪ್ರತಿವಾದಿಯ ಅಭಾವವು ತಾರ್ಕಿಕರ ಮತದಂತೆ ಚತುರ್ವಿಧ. ಸಂಜೆಗೆ ಬರಲಿರುವವನದು ಪ್ರಾಗಭಾವ. ಮನೆ ಬಿಟ್ಟುಹೋದವನದು ಪ್ರಧ್ವಂಸಾಭಾವ. ದಾವೆಯಲ್ಲಿ ಅಡ್ಡರಸ್ತೆಯ ಸಂಖ್ಯೆಯೇ ತಪ್ಪಿದ್ದರೆ ಅತ್ಯಂತಾಭಾವ. ನಾಲ್ಕನೆಯದಾದ ಅನ್ಯೋನ್ಯಾಭಾವವೆಂದರೆ... ಇರಲಿ, ಬಿಡೋಣ, ನಮ್ಮ ಹೊಟ್ಟೆಯುರಿಯೆಲ್ಲ ಎರಡನೆಯದರಲ್ಲಿದೆ.

ಬೀಗದ ಕೈಯನ್ನು ಮಾಲೀಕನಿಗೊಪ್ಪಿಸಿ, ಬೆಂಗಳೂರಿನ ರೂಢಿಯಂತೆ ಕೊಟ್ಟಿದ್ದ ಹತ್ತು ತಿಂಗಳ ಮುಂಗಡವನ್ನು, ಸುಣ್ಣಬಣ್ಣದ ಲೆಕ್ಕ ಮುಗಿಯಲಿ ಎಂಬ ಮಾತನ್ನು ನಂಬಿ ಅವನಲ್ಲೇ ಬಿಟ್ಟುಹೋದ ಗುಮಾಸ್ತನೊಬ್ಬನ ಮೇಲೆ, ಮೂರು ತಿಂಗಳ ಬಾಕಿಯಿದೆಯೆಂದು, ಅದೇ ಖಾಲಿ ಮನೆಯ ವಿಳಾಸಕ್ಕೆ ದಾವೆ ಹೂಡುತ್ತಾರೆ. ಸಮನ್ಸು ಅಂಟಿದ ಬಾಗಿಲಿನ ಬೀಗದ ಕೈ ಯಾರಲ್ಲಿದೆ? ವಾದಿಯ ಜೇಬಿನಲ್ಲಿ! ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ಚಾರ್ವಾಕನದು, ವೇದವನ್ನು ಬೈದವನ ಮಾತನ್ನೂ ಪೂರ್ವಪಕ್ಷವೆಂದು ಸಾವಧಾನವಾಗಿ ಬರೆದಿಟ್ಟ ಈ ನಾಡಿನಲ್ಲಿ, ಬಾಡಿಗೆಯನ್ನು ಕೊಟ್ಟವನ ಒಂದು ಮಾತು ಕೇಳದೆ ಸಿದ್ಧಾಂತಕ್ಕೆ ಮೊಹರು ಬೀಳುತ್ತದೆ. ಡಿಕ್ರಿಯ ಹಣ ಹೋದರೆ ದುಡಿದಾನು. ಕೋರ್ಟಿನವರು ಬಂದಿದ್ದರಂತೆ ಎಂದು ಬೀದಿಯವರು ಆಡಿಕೊಂಡ ಮೇಲೆ, ಆ ಮನೆಯ ಮಕ್ಕಳು ಯಾವ ಅಪೀಲು ಮಾಡಬೇಕು?

ಪರಿಹಾರವಿಲ್ಲವೆಂದಲ್ಲ. ಸಮನ್ಸು ಸರಿಯಾಗಿ ಜಾರಿಯಾಗಲಿಲ್ಲವೆಂದೋ, ಹಾಜರಾಗದಿರಲು ಸಾಕಷ್ಟು ಕಾರಣವಿತ್ತೆಂದೋ ತೋರಿಸಿಕೊಟ್ಟರೆ, 9ನೆಯ ಆದೇಶದ 13ನೆಯ ನಿಯಮದಂತೆ ಡಿಕ್ರಿಯು ರದ್ದಾಗುತ್ತದೆ. ಅರ್ಜಿಗೆ 1963ರ ಕಾಲಮಿತಿ ಕಾಯಿದೆಯು ಕೊಡುವ ಅವಧಿ 30 ದಿನ. ಸಮನ್ಸು ಜಾರಿಯಾಗದವನಿಗೆ ಡಿಕ್ರಿಯ ಸಂಗತಿ ತಿಳಿದಂದಿನಿಂದ ಎಣಿಕೆ. ಡಿಕ್ರಿದಾರನಿಗಾದರೋ ಅಮಲ್ಜಾರಿಗೆ 12 ವರ್ಷ. ಎದುರುಪಕ್ಷಕ್ಕೆ ನೋಟೀಸು ಜಾರಿಯಾಗದೆ ಡಿಕ್ರಿಯನ್ನು ರದ್ದುಪಡಿಸಕೂಡದೆಂದು ಮುಂದಿನ 14ನೆಯ ನಿಯಮ ಹೇಳುತ್ತದೆ. ನ್ಯಾಯವೇ ಸರಿ, ಮಾಲೀಕನ ವಿಳಾಸ ಮಾತ್ರ ಎಂದೂ ತಪ್ಪುವುದಿಲ್ಲ.

ವಾಚಕರಲ್ಲಿ ಬಿನ್ನಹವಿಷ್ಟೆ: ಬೀಗದ ಕೈ ಒಪ್ಪಿಸಿದ ದಿನವೇ ರಸೀದಿ ಬರೆಸಿಕೊಳ್ಳಿ, ಹೊಸ ವಿಳಾಸವನ್ನು ಬರೆಹದಲ್ಲಿ ತಿಳಿಸಿ, ಮುಟ್ಟಿದುದಕ್ಕೆ ಸಹಿ ಪಡೆಯಿರಿ, ಅಮೀನನು ಬಂದನೋ, ಅವನಿಂದ ದಾವೆಯ ನಂಬರು ಕೇಳಿಕೊಂಡು ಅಂದೇ ವಕೀಲರ ಬಳಿಗೆ ನಡೆಯಿರಿ.