ಗುಣವಾಚಕ ಮಾವ

ಮಕ್ಕಳಿಗೆ ದೇವರ ಹೆಸರು ಸಾಲದೆನ್ನುವವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ನಮ್ಮ ಪಾಲಿಗೆ ಬಂದವರು ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ದೊಡ್ಡಮಾವ. ‘ವೆಂಕಟೇಶ ಅಂತಿಟ್ರೆ ವೆಂಕಟೇಶನಿಗಾಯ್ತು, ಹುಡುಗನಿಗೇನು ಬಂತು?’ ಎಂಬುದು ಅವರ ವಾದ. ಪುಟ್ಟಪರ್ತಿ ಹತ್ತಿರ, ಬಾಬಾ ಬೋಧಿಸಿದ ಸತ್ಯ, ಧರ್ಮ, ಶಾಂತಿ, ಪ್ರೇಮ, ಅಹಿಂಸೆಗಳಲ್ಲಿ ಮೊದಲ ನಾಲ್ಕನ್ನು ಒಂದರ ಹಿಂದೊಂದು ತೊಟ್ಟಿಲಿಗೆ ಹಾಕಿದರು. ಐದನೆಯದಕ್ಕೆ ಅತ್ತೆ ‘ನನಗಿನ್ನು ಹಿಂಸೆ ಸಾಕು’ ಎಂದು ಕೈಮುಗಿದರು.

ಆ ಮನೆಯಲ್ಲಿ ಕ್ಷೇಮಸಮಾಚಾರ ಕೇಳಲೂ ಭಯ. ‘ಶಾಂತಿ ಕಾಣ್ತಿಲ್ಲ?’ ‘ಕಲ್ಯಾಣದುರ್ಗಕ್ಕೆ ಕೊಟ್ಬಿಟ್ವಿ.’ ‘ಧರ್ಮ?’ ‘ಲೆಕ್ಕದಲ್ಲಿ ಹೋಯ್ತು, ಮತ್ತೆ ಕಟ್ಟವ್ನೆ.’ ಚೀಟಿ ದುಡ್ಡು ಕೇಳಿಕೊಂಡು ಬಂದವರಿಗೆ ‘ಸತ್ಯ ಮನೇಲಿಲ್ಲ’ ಎಂದು ಒಳಗಿನಿಂದ ಕೂಗುತ್ತಿದ್ದವನು ಸತ್ಯನೇ.

ಯಾರಾದರೂ ನಕ್ಕರೆ ಮಾವ ಭಾಗವತ ತೆಗೆಯುತ್ತಾರೆ. ದಕ್ಷ ತನ್ನ ಹೆಣ್ಣುಮಕ್ಕಳಿಗೆ ಶ್ರದ್ಧಾ, ಮೈತ್ರಿ, ದಯಾ, ಶಾಂತಿ ಎಂದೆಲ್ಲ ಇಟ್ಟಿರಲಿಲ್ಲವೆ? ಅವರಲ್ಲಿ 13 ಮಂದಿಯನ್ನು ಧರ್ಮನಿಗೇ ಮದುವೆ ಮಾಡಿಕೊಟ್ಟ ಎಂಬಲ್ಲಿ ಮಾತ್ರ ಬೇಗನೆ ಪುಟ ಮಗುಚುತ್ತಾರೆ. ಇವರ ಮನೆಯಲ್ಲಿ ಧರ್ಮ, ಶಾಂತಿ ಅಣ್ಣತಂಗಿ.

ನನ್ನ ಮಗಳು ಹುಟ್ಟಿದ್ದು ಪುಬ್ಬಾ ನಕ್ಷತ್ರ, ಎರಡನೇ ಪಾದ. ಪುರೋಹಿತರು ‘ಟ’ ಅಕ್ಷರ ಬಂದಿದೆ ಅಂದಾಗ ಒಳಗೊಳಗೇ ಕುಣಿದೆ. ಟಕಾರದಲ್ಲಿ ಯಾವ ಸದ್ಗುಣವಿದೆ! ಮಾವ ಬಿಟ್ಟಾರೆ? ನಿಘಂಟು ತರಿಸಿ, ಕನ್ನಡಕ ಒರೆಸಿ, ಬೆರಳಿಟ್ಟು ಓದತೊಡಗಿದರು: ಟಕ್ಕ, ಟಗರು, ಟೀಕೆ, ಟೊಣಪ... ನಾನು ಅಕ್ಕಿ ತಟ್ಟೆಯ ಮುಂದೆ ಉಂಗುರ ಹಿಡಿದೇ ಕೂತೆ. ತೊಟ್ಟಿಲ ಪಕ್ಕ ಸೋದರತ್ತೆ ತೂಕಡಿಸಿದಳು. ಅಡುಗೆಯವರು ಎರಡು ಸಲ ಇಣುಕಿ ಹೋದರು. ಕೊನೆಗೆ ‘ಟ ಜಾತಕದಲ್ಲಿರಲಿ, ಕರೆಯೋಕೆ ಸಹನಾ’ ಎಂದು ತೀರ್ಪಾಯಿತು. ಈಗ ನಾನು ಅವಳ ಮೇಲೆ ರೇಗಿ ‘ಸಹನಾ! ಸಹನಾ!’ ಎಂದು ಅರಚಿದರೆ, ಪಾಪ ಮನುಷ್ಯ ತನಗೆ ತಾನೇ ಬುದ್ಧಿ ಹೇಳಿಕೊಳ್ತಿದಾನೆ ಅಂತ ಪಕ್ಕದ ಮನೆಯವರು ಮರುಗುತ್ತಾರೆ.

ಸತ್ಯ, ಧರ್ಮ ಬೆಂಗಳೂರು ಸೇರಿದರು. ಪ್ರೇಮ ಫೋನಿನಲ್ಲಿ ಮಾತ್ರ. 2022ರಲ್ಲಿ ಅನಂತಪುರ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದಾಗ ಮಾವ, ‘ನೋಡಿದ್ಯಾ, ಸರ್ಕಾರಕ್ಕೂ ಹೆಸರಿಡೋದು ಗೊತ್ತಾಯ್ತು’ ಎಂದು ಬೀಗಿದರು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಾಗಾಗಿ ಶಾಂತಿ ಈಗ ಜಿಲ್ಲೆ ದಾಟಿ ಬರಬೇಕು. ಬರುತ್ತಾಳೆ, ತಿಂಗಳಿಗೊಮ್ಮೆ, ಬಸ್ಸಿನಲ್ಲಿ. ಆ ದಿನ ಮಾವ ಬೆಳಗ್ಗೆಯೇ ಕ್ಷೌರ ಮಾಡಿಸಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ನುಂಗದ ಮಾತ್ರೆ, ಮಾಸಿದ ಪಂಚೆ, ಅತ್ತೆ ಹೋದಾಗಿನಿಂದ ಯಾರೂ ತೊಳೆಯದ ಡಬ್ಬಿಗಳು, ಒಂದೊಂದಕ್ಕೂ ಶಾಂತಿ ಎಬ್ಬಿಸುವ ರಂಪ ಬೀದಿಯ ಕೊನೆಗೂ ಕೇಳುತ್ತದೆ.